ಎಲ್ಲಾ ಗೊತ್ತಿತ್ತು, ಟೈಮ್ ಸಾಕಾಗಲಿಲ್ಲ

ಪರೀಕ್ಷೆ ಮುಗಿಸಿ ಬಂದ ಮಕ್ಕಳ ಬಾಯಲ್ಲಿ ನಾವೆಲ್ಲ ಕೇಳಿರುವ ಮಾತೊಂದಿದೆ: 'ಎಲ್ಲಾ ಗೊತ್ತಿತ್ತು ಉಮ್ಮಾ, ಟೈಮ್ ಸಾಕಾಗಲಿಲ್ಲ.' ಹೆಚ್ಚಿನ ಮನೆಗಳಲ್ಲಿ ಇದನ್ನು ನೆಪ ಎಂದೇ ತಳ್ಳಿ ಹಾಕುತ್ತೇವೆ. 'ಮೊಬೈಲ್ ಬಿಟ್ಟು ಓದಿದ್ದರೆ ಸಾಕಾಗುತ್ತಿತ್ತು' ಅಂತ ಒಂದು ಬೈಗುಳವನ್ನೂ ಸೇರಿಸುತ್ತೇವೆ. ಅದು ಯಾವಾಗಲೂ ನೆಪವಲ್ಲ ಎಂದು ನನಗೆ ಅರ್ಥವಾದದ್ದು ನನ್ನ ತಂಗಿಯ ಮಗಳ ಉತ್ತರ ಪತ್ರಿಕೆ ನೋಡಿದಾಗ.

ಅದು ಎಸೆಸೆಲ್ಸಿಗೆ ಮೊದಲು ಶಾಲೆಯಲ್ಲಿ ನಡೆದ ಪೂರ್ವಸಿದ್ಧತಾ ಪರೀಕ್ಷೆಯ ಕನ್ನಡ ಪತ್ರಿಕೆ. ಪರಿಸರದ ಬಗ್ಗೆ ಮೂರು ಪುಟದ ಪ್ರಬಂಧ, ಮುತ್ತು ಪೋಣಿಸಿದಂತಹ ಅಕ್ಷರ. ಐದರಲ್ಲಿ ನಾಲ್ಕು ಅಂಕ ಸಿಕ್ಕಿತ್ತು. ಆದರೆ ಅದರ ನಂತರದ ಪತ್ರ ಲೇಖನ ಅರ್ಧಕ್ಕೇ ನಿಂತಿತ್ತು. ಗಾದೆ ವಿಸ್ತರಣೆ ಮತ್ತು ಇನ್ನೊಂದು ದೊಡ್ಡ ಪ್ರಶ್ನೆಯನ್ನು ಅವಳು ಮುಟ್ಟಿಯೇ ಇರಲಿಲ್ಲ. ಪ್ರಬಂಧಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. 'ಮುಕ್ಕಾಲು ಗಂಟೆ ಆಗಿರಬೇಕು' ಅಂದಳು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ನೂರು ಅಂಕದ ಪತ್ರಿಕೆ, ಬರೆಯಲು ಮೂರು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು 180 ನಿಮಿಷ. ಕೊನೆಯಲ್ಲಿ ಒಮ್ಮೆ ಓದಿ ನೋಡಲು 20 ನಿಮಿಷ ತೆಗೆದಿಟ್ಟರೆ ಉಳಿಯುವುದು 160. ಅಂದರೆ ಒಂದು ಅಂಕಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಐದು ಅಂಕದ ಪ್ರಬಂಧದ ಪಾಲು ಎಂಟು ನಿಮಿಷ, ಜಾಸ್ತಿ ಅಂದರೆ ಹತ್ತು. ನಮ್ಮ ಹುಡುಗಿ ಕೊಟ್ಟದ್ದು ನಲವತ್ತೈದು! ಪ್ರಬಂಧವನ್ನು ಇನ್ನೂ ಒಂದು ಪುಟ ಬೆಳೆಸಿದರೂ ನಾಲ್ಕು ಐದಾಗುವುದು ಕಷ್ಟ. ಅದೇ ಹತ್ತು ನಿಮಿಷದಲ್ಲಿ ಗಾದೆ ವಿಸ್ತರಿಸಿದ್ದರೆ ಸೊನ್ನೆ ಇದ್ದ ಜಾಗದಲ್ಲಿ ಎರಡು ಅಂಕವಾದರೂ ಬರುತ್ತಿತ್ತು.

ಇದು ಹತ್ತನೇ ತರಗತಿಗೆ ಮುಗಿಯುವ ಸಮಸ್ಯೆಯೂ ಅಲ್ಲ. ನಮ್ಮ ಮಕ್ಕಳು ಐಎಎಸ್ ಬರೆಯಬೇಕು ಎಂದು ಈಗ ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯಲ್ಲಿ ಮೂರು ಗಂಟೆಗೆ ಎರಡು ಪ್ರಬಂಧ, ತಲಾ 125 ಅಂಕ, ಒಂದೊಂದೂ 1000ದಿಂದ 1200 ಪದ. ಮೊದಲನೆಯದಕ್ಕೇ ಎರಡು ಗಂಟೆ ಕಳೆದವನ ಎರಡನೆಯ ಪ್ರಬಂಧಕ್ಕೆ ಮುಕ್ತಾಯವೇ ಇರುವುದಿಲ್ಲ. ತೊಂಬತ್ತು ನಿಮಿಷದಲ್ಲಿ ಹದಿನೈದು ಯೋಚನೆಗೆ, ಅರವತ್ತೈದು ಬರವಣಿಗೆಗೆ, ಹತ್ತು ತಿದ್ದಲು ಎಂದು ಭಾಗ ಮಾಡಿ, ಗಡಿಯಾರ ಹೇಳಿದ ಕೂಡಲೇ ಪೆನ್ನು ಎತ್ತಲು ಗೊತ್ತಿರಬೇಕು. ಈ ಅಭ್ಯಾಸ ಇಪ್ಪತ್ತೈದನೇ ವಯಸ್ಸಿನಲ್ಲಿ ಒಮ್ಮೆಲೇ ಬರುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಮಾತು ಬ್ಯಾರಿಯಲ್ಲಿ, ಬರೆಯುವುದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ತಲೆಯಲ್ಲಿ ಒಂದು ಭಾಷೆ, ಕೈಯಲ್ಲಿ ಇನ್ನೊಂದು. ಮೊದಲ ವಾಕ್ಯ ಹುಡುಕುವುದರಲ್ಲೇ ಐದು ನಿಮಿಷ ಹೋಗುತ್ತದೆ. ಇದು ದಡ್ಡತನ ಅಲ್ಲ, ಅಭ್ಯಾಸದ ಕೊರತೆ. ನಾನು ಹೇಳುವುದಿಷ್ಟೆ: ಬರೆಯುವ ಮೊದಲು ಎರಡು ನಿಮಿಷ ಬ್ಯಾರಿಯಲ್ಲೇ ಯೋಚಿಸಲಿ. ನಾಲ್ಕು ಅಂಶಗಳನ್ನು ಒಂದೊಂದು ಪದದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆಮೇಲೆ ಹೊಡೆದು ಹಾಕಲಿ. ಒಂದು ಅಂಶಕ್ಕೆ ಮೂರೋ ನಾಲ್ಕೋ ವಾಕ್ಯ ಸಾಕು. ಪೀಠಿಕೆ ಹೊಳೆಯದಿದ್ದರೆ ಎರಡು ಗೆರೆ ಜಾಗ ಬಿಟ್ಟು ವಿಷಯದಿಂದಲೇ ಶುರು ಮಾಡಲಿ. ನಿಗದಿ ಮಾಡಿದ ಸಮಯ ಮುಗಿದರೆ ಒಂದು ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೋಗಲಿ.

ಇದನ್ನೆಲ್ಲ ಹೇಳಿದರೆ ಸಾಲದು, ಮಾಡಿಸಬೇಕು. ನಾವು 'ಓದು, ಓದು' ಎನ್ನುತ್ತೇವೆಯೇ ಹೊರತು 'ಬರೆ' ಎನ್ನುವುದು ಕಡಿಮೆ. ಟ್ಯೂಷನ್‌ಗೆ ಸಾವಿರಾರು ರೂಪಾಯಿ ಕೊಡುವ ನಾವು ಗೋಡೆ ಗಡಿಯಾರದ ಎದುರು ಮಗುವನ್ನು ಕೂರಿಸುವುದಿಲ್ಲ. ಮಗ್ರಿಬ್‌ನಿಂದ ಇಶಾ ತನಕ ಒಂದು ಗಂಟೆಯಷ್ಟು ಸಮಯ ಇದೆಯಲ್ಲ, ವಾರಕ್ಕೆ ಎರಡು ದಿನ ಅದನ್ನು ಬರವಣಿಗೆಗೆ ಬಿಡಿ. ಹಳೆಯ ಪ್ರಶ್ನೆ ಪತ್ರಿಕೆಯಿಂದ ಮೂರು ಪ್ರಶ್ನೆ, ಗಡಿಯಾರ ನೋಡಿಕೊಂಡು. ಉಮ್ಮನಿಗೆ ಕನ್ನಡ ಓದಲು ಬಾರದಿದ್ದರೂ ತೊಂದರೆಯಿಲ್ಲ, 'ಹತ್ತು ನಿಮಿಷ ಆಯ್ತು' ಎನ್ನಲು ಗಡಿಯಾರ ನೋಡಲು ಬಂದರೆ ಸಾಕು. ಆ ಹೊತ್ತಿಗೆ ಟಿವಿ ಬಂದ್, ನೆಂಟರ ಮನೆಗೆ ಹೋಗುವುದೂ ಬಂದ್.

ಕೊನೆಗೆ ಒಂದು ಮಾತು ನಮ್ಮ ಜಮಾಅತ್ ಮತ್ತು ಸಂಘಟನೆಗಳ ಹಿರಿಯರಿಗೆ. ಫಲಿತಾಂಶ ಬಂದ ಮೇಲೆ ಶಾಲು, ಸ್ಮರಣಿಕೆ ಕೊಟ್ಟು ಸನ್ಮಾನ ಮಾಡುತ್ತೀರಿ, ಸಂತೋಷ. ಆದರೆ ಆ ವೇದಿಕೆಗೆ ಬರುವವರು ಹೇಗೂ ದಡ ಸೇರಿದವರು. ಎರಡು ಪ್ರಶ್ನೆ ಖಾಲಿ ಬಿಟ್ಟು ನಾಲ್ಕು ಅಂಕದಲ್ಲಿ ಫೇಲಾದ ಹುಡುಗ ಅಲ್ಲಿಗೆ ಬರುವುದಿಲ್ಲ. ಅವನು ಯಾವುದೋ ಅಂಗಡಿಗೆ ಕೆಲಸಕ್ಕೆ ಸೇರಿ ಆಗಿರುತ್ತದೆ. ಅದೇ ಹಾಲ್‌ನಲ್ಲಿ ಜನವರಿ, ಫೆಬ್ರವರಿಯ ನಾಲ್ಕು ಭಾನುವಾರ ಬೆಂಚು ಹಾಕಿ, ಮೂರು ಗಂಟೆ ಗಂಟೆ ಹೊಡೆದು ಮಕ್ಕಳಿಂದ ಬರೆಸಿ. ಊರಿನ ನಿವೃತ್ತ ಮೇಷ್ಟ್ರುಗಳು ತಿದ್ದಿ ಕೊಟ್ಟಾರು. ಖರ್ಚು ಒಂದು ಸನ್ಮಾನ ಸಮಾರಂಭದಷ್ಟೂ ಆಗಲಿಕ್ಕಿಲ್ಲ.

ತಂಗಿಯ ಮಗಳು ಈಗ ಪ್ರಬಂಧವನ್ನು ಒಂದೂವರೆ ಪುಟಕ್ಕೆ ನಿಲ್ಲಿಸುತ್ತಾಳೆ. 'ಇನ್ನೂ ಬರೆಯಲಿಕ್ಕಿತ್ತು' ಎಂದು ಗೊಣಗುವುದು ಬಿಟ್ಟಿಲ್ಲ. ಆದರೆ ಕೊನೆಯ ಪ್ರಶ್ನೆಯ ತನಕ ಪುಟ ತುಂಬಿರುತ್ತದೆ.