ಮಹಾಪೌರನಿಲ್ಲದ ಮಹಾನಗರ

ಸುರಪುರದ ಸಮೀಪದಲ್ಲಿರುವ ಬೋನಾಳ ದೊಡ್ಡ ಕೆರೆಯ ಊರು. ಚಳಿಗಾಲ ಬಂತೆಂದರೆ ದೂರದೇಶದ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಆ ಕೆರೆಯಲ್ಲಿ ಇಳಿಯುತ್ತವೆ. ಬಿಸಿಲೇರುತ್ತಲೇ ಮರಳಿ ಹೊರಡುತ್ತವೆ. ಅವುಗಳ ಆಗಮನಕ್ಕೆ ಯಾವ ಸರ್ಕಾರವೂ ಅಧಿಸೂಚನೆ ಹೊರಡಿಸುವುದಿಲ್ಲ. ಯಾವ ನ್ಯಾಯಾಲಯವೂ ತಡೆಯಾಜ್ಞೆ ನೀಡುವುದಿಲ್ಲ. ಆದಾಗ್ಯೂ ಅವು ಕಾಲ ತಪ್ಪುವುದಿಲ್ಲ.

ಇಂಥ ಊರಿನ ಹಿರಿಯರೊಬ್ಬರು 2021ರ ಚಳಿಗಾಲದಲ್ಲಿ ಕಲಬುರಗಿಯಲ್ಲಿರುವ ಮಗನ ಮನೆಗೆ ಬಂದರೆಂದು ಭಾವಿಸೋಣ. ಬಂದವರಿಗೆ ಮೊದಲು ಕಂಡದ್ದು ಮನೆಯ ಮುಂದೆ ತುಂಬಿ ನಿಂತ ಚರಂಡಿ. ಎರಡು ದಿನ ನೋಡಿದರು, ಮೂರನೆಯ ದಿನ ತಡೆಯಲಾರದೆ ಕೇಳಿದರು:

“ತಮ್ಮಾ, ಇಷ್ಟು ದೊಡ್ಡ ಊರಿಗಿ ಹಿರೇರು ಅಂತ ಯಾರೂ ಇಲ್ಲೇನು?”

“ಆರಿಸಿ ಬಂದಾರಪ್ಪಾ. ಇನ್ನಾ ಕೂಡಿಸಿಲ್ಲ.”

“ಓಟು ಹಾಕಿ ಆರಿಸೀರಿ, ಕೂಡಿಸೂದು ಮರತ್ರೇನು?”

ಮಗ ನಕ್ಕು ಸುಮ್ಮನಾದ. ಮುದುಕರ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ರಾಜ್ಯದ ಗ್ರಾಮ ಪಂಚಾಯತಿಗಳಿಗೆ 2020ರ ಡಿಸೆಂಬರಿನಲ್ಲಿ ಮತದಾನವಾಗಿ, ಮರುವರ್ಷದ ಮೊದಲ ತಿಂಗಳುಗಳಲ್ಲಿಯೇ ಹಳ್ಳಿಹಳ್ಳಿಗಳಲ್ಲಿ ಅಧ್ಯಕ್ಷರು ಆಸನವೇರಿದ್ದರು. ಹಳ್ಳಿಯವರಿಗೆ ಎರಡು ತಿಂಗಳಲ್ಲಿ ಸಾಧ್ಯವಾದದ್ದು ಮಹಾನಗರಕ್ಕೆ ಏಕೆ ಸಾಧ್ಯವಾಗಲಿಲ್ಲವೆಂಬುದು ನ್ಯಾಯವಾದ ಪ್ರಶ್ನೆಯೇ ಆಗಿದೆ.

ಕಲಬುರಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಈ ಮೂರು ಮಹಾನಗರಪಾಲಿಕೆಗಳ ಚುನಾವಣೆ 2021ರ ಸೆಪ್ಟೆಂಬರ್ 3ರಂದು ಜರುಗಿತು. 6ರಂದು ಎಣಿಕೆ ಮುಗಿಯಿತು. ಕಲಬುರಗಿಯ 55 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 27, ಭಾರತೀಯ ಜನತಾ ಪಕ್ಷಕ್ಕೆ 23, ಜನತಾದಳಕ್ಕೆ 4 ದೊರೆತು, ಪಕ್ಷೇತರರೊಬ್ಬರು ಗೆದ್ದರು. ಬಹುಮತಕ್ಕೆ ಬೇಕಾದದ್ದು 28. ಒಂದು ಪಕ್ಷಕ್ಕೆ ಒಂದೇ ಒಂದು ಸ್ಥಾನ ಕಡಮೆ. ಎದುರಾಳಿಯು ಉಳಿದ ಐವರನ್ನೂ ಕೂಡಿಸಿಕೊಂಡರೆ ಸರಿಯಾಗಿ 28. ವಿಧಿಯೇ ಕುಳಿತು ಕೂಡಿ ಕಳೆದು ಬರೆದಂತಿದ್ದ ಲೆಕ್ಕ ಅದು.

ಅಲ್ಲಿಯವರೆಗೆ ಚುನಾವಣೆ ಬೀದಿಯಲ್ಲಿತ್ತು. ಧ್ವನಿವರ್ಧಕದ ಗಾಡಿಗಳು ಓಣಿ ಓಣಿ ಸುತ್ತಿದ್ದವು. ಉಮೇದುವಾರರು ಕೈಜೋಡಿಸಿ ಅಂಗಳದಲ್ಲಿ ನಿಂತಿದ್ದರು. ನಳದ ನೀರು, ಬೀದಿಯ ದೀಪ, ಕಸದ ಗಾಡಿಗಳ ಮಾತು ನಡೆದಿತ್ತು. ಎಣಿಕೆ ಮುಗಿದ ಗಳಿಗೆಯಿಂದ ಸ್ಪರ್ಧೆಯು ಒಳಮನೆ ಸೇರಿತು. ಏಕೆಂದರೆ ನಮ್ಮಲ್ಲಿ ಮಹಾಪೌರನನ್ನು, ಎಂದರೆ ಮೇಯರನ್ನು, ಪುರಜನರು ಆರಿಸುವುದಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದ ಪ್ರಕಾರ ಪಾಲಿಕೆಯ ಸದಸ್ಯರೇ ತಮ್ಮೊಳಗೊಬ್ಬರನ್ನು ಆ ಪೀಠಕ್ಕೆ ಆರಿಸಬೇಕು. ಅವರ ಜೊತೆಗೆ ಆ ಕ್ಷೇತ್ರದ ಲೋಕಸಭಾ ಸದಸ್ಯರು, ಶಾಸಕರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರು ಮತ ನೀಡಬಹುದು. ಪೀಠದ ಮೀಸಲಾತಿಯನ್ನು ಸರದಿಯಂತೆ ಗೊತ್ತುಮಾಡುವ ಅಧಿಕಾರ ಸರ್ಕಾರದ್ದು.

ಇಷ್ಟು ಬಾಗಿಲುಗಳಿರುವ ಮನೆಯಲ್ಲಿ ಯಾವುದಾದರೊಂದು ಬಾಗಿಲು ಮುಚ್ಚಿಕೊಂಡರೂ ಸಾಕು, ಒಳಗೆ ಹೋಗುವಂತಿಲ್ಲ. ಮೀಸಲಾತಿಯ ತಕರಾರು ಒಂದೆಡೆಯಾದರೆ, ಮತದಾರರ ಪಟ್ಟಿಯ ತಕರಾರು ಇನ್ನೊಂದೆಡೆ. ಬೇರೆಡೆಯ ವಿಧಾನ ಪರಿಷತ್ ಸದಸ್ಯರ ಹೆಸರುಗಳು ಕಲಬುರಗಿಯ ಪಟ್ಟಿಗೆ ಸೇರಿದ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಐವತ್ತೈದು ಮಂದಿಯ ಸಭೆಯಲ್ಲಿ ಒಂದು ಮತಕ್ಕೆ ಇಷ್ಟು ಬೆಲೆ ಬಂದಾಗ, ಹೊಸ ಮತದಾರರು ಎಲ್ಲಿಂದಲಾದರೂ ಹುಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ದಿನಗಳು ಉರುಳಿದವು. ಹುಬ್ಬಳ್ಳಿ-ಧಾರವಾಡಕ್ಕೆ ಮಹಾಪೌರ ದೊರೆತದ್ದು 2022ರ ಮೇ 28ರಂದು, ಸುಮಾರು ಒಂಬತ್ತು ತಿಂಗಳ ತರುವಾಯ. ಬೆಳಗಾವಿಯಲ್ಲಿ ಒಂದೇ ಪಕ್ಷಕ್ಕೆ 58ರಲ್ಲಿ 35 ಸ್ಥಾನಗಳ ನಿಚ್ಚಳ ಬಹುಮತವಿದ್ದಿತು. ಅಲ್ಲಿ ಕೊಡುಕೊಳ್ಳುವ ಲೆಕ್ಕಾಚಾರಕ್ಕೆ ಅವಕಾಶವೇ ಇರಲಿಲ್ಲ. ಆದರೂ ಆ ನಗರ 2023ರ ಫೆಬ್ರವರಿ 6ರವರೆಗೆ, ಪೂರಾ ಹದಿನೇಳು ತಿಂಗಳು, ಕಾಯಬೇಕಾಯಿತು. ಆದುದರಿಂದ ವಿಳಂಬದ ಹೊಣೆಯನ್ನೆಲ್ಲ ಅತಂತ್ರ ಫಲಿತಾಂಶದ ಮೇಲೆ ಹೊರಿಸುವುದು ಸರಿಯಲ್ಲ. ಎಲ್ಲಕ್ಕಿಂತ ಕೊನೆಯ ಸರದಿ ಕಲಬುರಗಿಯದು. 2023ರ ಮಾರ್ಚ್ 23ರಂದು, ಮತದಾನವಾಗಿ ಹದಿನೆಂಟು ತಿಂಗಳು ಮಿಕ್ಕಿದ ಮೇಲೆ, ಭಾರತೀಯ ಜನತಾ ಪಕ್ಷದ ವಿಶಾಲ ದರ್ಗಿಯವರು ಅತ್ಯಲ್ಪ ಅಂತರದಲ್ಲಿ ಗೆದ್ದು ಮಹಾಪೌರರಾದರು. ಅತಿ ಹೆಚ್ಚು ಸ್ಥಾನ ಗೆದ್ದಿದ್ದ ಪಕ್ಷ ವಿರೋಧದ ಸಾಲಿನಲ್ಲಿ ಕುಳಿತಿತು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಬಹುಮತ ಕೂಡಿಸುವುದು ಪ್ರಜಾಪ್ರಭುತ್ವದ ನಡಾವಳಿಯೇ. ಆದರೆ ಮತ ಹಾಕಿದವನು ಈ ಕೂಡಿಕೆಯ ಮಾತನ್ನು ಮೊದಲೇ ಕೇಳಿದ್ದನೇ? ಐವರು ಯಾವ ಕಡೆ ವಾಲುವರೆಂಬುದು ಅವರ ವಾರ್ಡಿನ ಗೃಹಿಣಿಗೆ ತಿಳಿದಿತ್ತೇ?

ಹದಿನೆಂಟು ತಿಂಗಳೆಂಬುದು ಕೂಡ ಪೂರ್ಣ ಲೆಕ್ಕವಲ್ಲ. ಈ ಮೂರು ಪಾಲಿಕೆಗಳ ಹಿಂದಿನ ಪರಿಷತ್ತುಗಳ ಅವಧಿ 2019ರಲ್ಲಿಯೇ ಮುಗಿದಿತ್ತು. ಎಂದರೆ ಕಲಬುರಗಿಯು ನಾಲ್ಕು ವರ್ಷಗಳ ಕಾಲ ಚುನಾಯಿತ ಪರಿಷತ್ತಿನ ಸಭೆಯನ್ನೇ ಕಾಣಲಿಲ್ಲ. ಒಂದನೆಯ ಇಯತ್ತೆಗೆ ಸೇರಿದ ಮಗು ನಾಲ್ಕನೆಯದನ್ನು ಮುಗಿಸುವಷ್ಟು ಕಾಲ. ಆ ನಾಲ್ಕು ವರ್ಷಗಳಾದರೂ ಎಂಥವು! ಕೋವಿಡ್ ವ್ಯಾಧಿಯಿಂದ ದೇಶದ ಮೊತ್ತಮೊದಲ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯಿಂದಲೇ ವರದಿಯಾಯಿತು. ಮುಂದಿನ ವರ್ಷ ಎರಡನೆಯ ಅಲೆ ಬಂದಪ್ಪಳಿಸಿತು. ಯಾವ ಓಣಿ ಮುಚ್ಚಬೇಕು, ಯಾರ ಮನೆಗೆ ರೇಷನ್ನು ಮುಟ್ಟಲಿಲ್ಲ, ಯಾವ ಮುದುಕಿಯನ್ನು ಆಸ್ಪತ್ರೆಗೆ ಒಯ್ಯುವವರಿಲ್ಲ, ಇಂಥ ಮಾತುಗಳನ್ನು ಹೇಳಿಕೊಳ್ಳಲು ನೆರೆಯವರಿಗೆ ತಮ್ಮ ವಾರ್ಡಿನ ಸದಸ್ಯನೆಂಬುವನೇ ಇರಲಿಲ್ಲ. ಅಧಿಕಾರಿಗಳು ಹಗಲಿರುಳು ದುಡಿದಿರಬಹುದು. ಅದು ಬೇರೆ ಮಾತು. ಅಧಿಕಾರಿ ಮೇಲಿನ ಆಜ್ಞೆಗೆ ಉತ್ತರ ಹೇಳುವವನು, ಸದಸ್ಯನಾದವನು ಮುಂದಿನ ಮನೆಯವರಿಗೆ ಉತ್ತರ ಹೇಳುವವನು.

ಸಂವಿಧಾನ ಈ ವಿಷಯದಲ್ಲಿ ಮೌನವಾಗಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯು ಪೌರಸಂಸ್ಥೆಗಳಿಗೆ ಐದು ವರ್ಷಗಳ ಅವಧಿಯನ್ನು ಗೊತ್ತುಪಡಿಸಿ, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕೆಂದು ವಿಧಿಸಿದೆ. ಆದರೆ ಅಲ್ಲಿಯೇ ಒಂದು ಸಂದಿಯೂ ಉಂಟು. ಐದು ವರ್ಷಗಳ ಎಣಿಕೆ ತೊಡಗುವುದು ಪರಿಷತ್ತಿನ ಮೊದಲ ಸಭೆಗೆ ಗೊತ್ತಾದ ದಿನದಿಂದ. ಮೊದಲ ಸಭೆ ಎಷ್ಟು ತಡವಾದರೂ ಸದಸ್ಯರ ಅವಧಿಯಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಕಳೆಯುವುದು ನಗರದ ಆಯುಷ್ಯ ಮಾತ್ರ. ಇನ್ನು ಅಧ್ಯಕ್ಷರನ್ನಾಗಲಿ ಮಹಾಪೌರರನ್ನಾಗಲಿ ಆರಿಸುವ ಬಗೆಯನ್ನು ಸಂವಿಧಾನವು ರಾಜ್ಯಗಳ ಇಚ್ಛೆಗೇ ಬಿಟ್ಟಿದೆ.

ಈ ಕಾಯಿಲೆ ಮಹಾನಗರಗಳದು ಮಾತ್ರವೆಂದು ಬೋನಾಳದ ಹಿರಿಯರು ಸಮಾಧಾನಪಡುವಂತಿಲ್ಲ. ಅವರ ಸಂತೆ ಪೇಟೆಗಳಾದ ಸುರಪುರ, ಶಹಾಪುರಗಳಲ್ಲಿಯೂ, ಜಿಲ್ಲಾ ಕೇಂದ್ರ ಯಾದಗಿರಿಯಲ್ಲಿಯೂ ನಗರಸಭೆಗಳಿವೆ. ಅಲ್ಲಿರುವುದು ಮಹಾಪೌರನಲ್ಲ, ಅಧ್ಯಕ್ಷ. ಅವಧಿ ಒಂದು ವರ್ಷದ್ದಲ್ಲ, ಮೂವತ್ತು ತಿಂಗಳಿನದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪೌರಸಂಸ್ಥೆಗಳಿಗೆ ಮತದಾನವಾದಾಗ ಈ ಜಿಲ್ಲೆಯವರೂ ಸರದಿಯಲ್ಲಿ ನಿಂತು ಮತ ಹಾಕಿದರು. ಮೀಸಲಾತಿಯ ವ್ಯಾಜ್ಯದಿಂದಾಗಿ ರಾಜ್ಯದ ಬಹುತೇಕ ಅಂಥ ಸಂಸ್ಥೆಗಳಿಗೆ ಅಧ್ಯಕ್ಷರು ದೊರೆತದ್ದು 2020ರ ಕೊನೆಯ ತಿಂಗಳುಗಳಲ್ಲಿ. ರಾಜಧಾನಿಯ ಕಥೆ ಇನ್ನೂ ದೀರ್ಘ. ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಪರಿಷತ್ತು 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಸಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬರುವವರೆಗೂ ಮತ್ತೊಂದು ಪರಿಷತ್ತು ಕೂಡಲೇ ಇಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ದೊರೆ ವೆಂಕಟಪ್ಪ ನಾಯಕನು ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನ ಮನೆ ಅದು. ದಕ್ಷನೆಂದು ಹೆಸರಾದವನು, ಕೆರೆ ರಸ್ತೆಗಳ ಕಡೆ ಲಕ್ಷ್ಯವಿಟ್ಟವನು. ಆದಾಗ್ಯೂ 1853ರಲ್ಲಿ ರಾಜನು ಪ್ರಾಪ್ತವಯಸ್ಕನಾದಾಗ ಟೇಲರನು ಸಂಸ್ಥಾನವನ್ನು ಅವನಿಗೆ ಒಪ್ಪಿಸಿ ಹೊರಟುಹೋಗಬೇಕಾಯಿತು. ಅಪ್ರಾಪ್ತವಯಸ್ಕನ ಪರವಾಗಿ ಬೇರೊಬ್ಬರು ಆಳುವುದು ಪರಕೀಯರ ಕಾಲದಲ್ಲಿಯೂ ಒಂದು ಗಡುವಿನವರೆಗೆ ಮಾತ್ರ. ಇಂದು ಪಾಲಿಕೆಯ ಅವಧಿ ಮುಗಿದೊಡನೆ ಆಡಳಿತಾಧಿಕಾರಿಯ ನೇಮಕವಾಗುತ್ತದೆ. ಗಡುವು ಮಾತ್ರ ಕಾಣುವುದಿಲ್ಲ. ಹದಿನೆಂಟು ತುಂಬಿದ ಪ್ರತಿಯೊಬ್ಬನಿಗೂ ಮತವನ್ನು ಕೊಟ್ಟ ಗಣರಾಜ್ಯದಲ್ಲಿ ಲಕ್ಷಾಂತರ ಮಂದಿ ಪುರಜನರು ವರ್ಷಗಟ್ಟಲೆ ಬಾಲಕ ದೊರೆಯ ಸ್ಥಿತಿಯಲ್ಲಿರುವುದು ವಿಚಿತ್ರವಲ್ಲವೇ?

ಮಹಾಪೌರನನ್ನು ಜನರೇ ನೇರವಾಗಿ ಆರಿಸಲಿ ಎನ್ನುವವರುಂಟು. ಲಂಡನ್ ನಗರ 2000ದಲ್ಲಿ ಆ ಪದ್ಧತಿಯನ್ನು ಹಿಡಿಯಿತು. ಅಲ್ಲಿ ಕೆನ್ ಲಿವಿಂಗ್‌ಸ್ಟನ್ ಅವರಿಗೆ ಸ್ವಂತ ಪಕ್ಷವೇ ಟಿಕೆಟು ನಿರಾಕರಿಸಿದಾಗ ಅವರು ಪಕ್ಷೇತರರಾಗಿ ನಿಂತು ಬೀದಿಬೀದಿಯಲ್ಲಿ ವಾದಿಸಿ ಗೆದ್ದರು. ಎದುರಾಳಿಗಳ ಸೆಣಸಾಟವೆಲ್ಲ ಪುರಜನರ ಕಣ್ಣೆದುರು ನಡೆಯಿತು. ನಮ್ಮ ದೇಶದಲ್ಲಿಯೂ ಉತ್ತರ ಪ್ರದೇಶದಲ್ಲಿ ನೇರ ಚುನಾವಣೆಯೇ ರೂಢಿ. ಆದರೆ ತಮಿಳುನಾಡು 2011ರಲ್ಲಿ ನೇರವಾಗಿ ಆರಿಸಿ, 2022ರಲ್ಲಿ ಸದಸ್ಯರ ಮೂಲಕವೇ ಆರಿಸಿತು. ಮಹಾಪೌರ ಒಂದು ಪಕ್ಷದವನು, ಪರಿಷತ್ತು ಇನ್ನೊಂದು ಪಕ್ಷದ್ದು ಆದಾಗ ಗಾಡಿಯ ಎರಡೆತ್ತುಗಳು ಎರಡು ದಿಕ್ಕಿಗೆ ಎಳೆಯುವ ಭಯವೂ ಇದೆ. ಅಷ್ಟೇ ಅಲ್ಲ: ಕಾರ್ಯಾಂಗದ ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿದ್ದು, ಮಹಾಪೌರನಿಗೆ ಒಂದು ವರ್ಷದ ಪೀಠವೊಂದೇ ಇರುವಲ್ಲಿ, ಯಾರು ಆರಿಸಿದರೇನು? ಗೌನು ತೊಟ್ಟು ಅಭ್ಯಾಸವಾಗುವಷ್ಟರಲ್ಲಿ ಕಳಚಿಡುವ ದಿನ ಬಂದಿರುತ್ತದೆ.

ಹೀಗಿರುವಾಗ ಅಗತ್ಯವಾದದ್ದು ಅತ್ಯಂತ ಸಾಮಾನ್ಯವಾದ ಒಂದು ನಿಯಮ: ಎಣಿಕೆಯ ದಿನದಿಂದ ಇಷ್ಟು ದಿನಗಳೊಳಗೆ ಪರಿಷತ್ತು ಕೂಡಿ ಮಹಾಪೌರನನ್ನು ಆರಿಸತಕ್ಕದ್ದು, ಮೀಸಲಾತಿಯ ಪಟ್ಟಿಯನ್ನು ಮತದಾನಕ್ಕೆ ಮುನ್ನವೇ ಪ್ರಕಟಿಸತಕ್ಕದ್ದು. ಹಾಗಾದರೆ ಯಾವ ವರ್ಗದವರಿಗೆ ಪೀಠವೆಂಬುದು ಮೊದಲೇ ತಿಳಿದು, ಪಕ್ಷಗಳು ತಮ್ಮ ಮಹಾಪೌರ ಯಾರೆಂದು ಹೆಸರಿಸಿ ಮತ ಕೇಳಬೇಕಾಗುತ್ತದೆ. ಒಳಮನೆಯ ಸ್ಪರ್ಧೆ ಮತ್ತೆ ಬೀದಿಗೆ ಬರುತ್ತದೆ. ಶಾಸನ ತಿದ್ದುವುದು ಶಾಸಕರ ಕೆಲಸ. ಮತದಾರನ ಕೈಯಲ್ಲಿರುವ ಕೆಲಸವೂ ಒಂದಿದೆ. ಮುಂದಿನ ಸಲ ಉಮೇದುವಾರನು ಕೈಮುಗಿದು ಅಂಗಳದಲ್ಲಿ ನಿಂತಾಗ ಚರಂಡಿಯ ಮಾತಿನ ಜೊತೆಗೆ ಇನ್ನೊಂದು ಮಾತನ್ನೂ ಕೇಳಬೇಕು: “ಗೆದ್ದ ಮೇಲೆ ಯಾರನ್ನು ಪೀಠದ ಮೇಲೆ ಕೂಡಿಸುವಿರಿ? ಎಂದು ಕೂಡಿಸುವಿರಿ?” ಉತ್ತರ ಕೊಡದವನಿಗೆ ಮತವಿಲ್ಲವೆಂದು ನಾಲ್ಕು ಮನೆಯವರು ಗಟ್ಟಿಯಾಗಿ ಹೇಳಿದರೂ ಸಾಕು.

ಬೋನಾಳದ ಹಿರಿಯರು ಬಹುದಿನ ನಗರದಲ್ಲಿ ನಿಲ್ಲಲಾರರು. ಮೊಮ್ಮಕ್ಕಳಿಗೆ ಕೆರೆಯ ಹಕ್ಕಿಗಳನ್ನು ತೋರಿಸುವೆನೆಂದು ಹೇಳಿ ಊರಿಗೆ ಹೊರಡುವರು. ಹೊರಡುವಾಗ ತುಂಬಿ ನಿಂತ ಚರಂಡಿಯನ್ನು ಹುಷಾರಾಗಿ ದಾಟಿ, ಹೊಸ್ತಿಲಲ್ಲಿ ನಿಂತ ಮಗನನ್ನು ತಿರುಗಿ ನೋಡುವರು.

“ತಮ್ಮಾ, ಮುಂದಿನ ವರ್ಷ ಬಂದಾಗರೆ ಕೂಡಿಸಿರ್ತೀರೇನು?”

ಮುಂದಿನ ಚಳಿಗಾಲವೂ ಬಂದಿತು. ಹಕ್ಕಿಗಳು ಕೆರೆಗೆ ಇಳಿದವು. ಕಲಬುರಗಿಯ ಪೀಠ ಆಗಲೂ ಬರಿದಾಗಿಯೇ ಇದ್ದಿತು.