ಲಾಭಾಂಶವೆಂಬ ‘ಪಿಂಚಣಿ’: ಲೆಕ್ಕ ತಪ್ಪದಿರಲಿ

ಠೇವಣಿಗಳ ಬಡ್ಡಿ ಇಳಿದಾಗಲೆಲ್ಲ ನಿವೃತ್ತರ ದೃಷ್ಟಿ ಷೇರುಪೇಟೆಯತ್ತ ಹೊರಳುತ್ತದೆ. 2025ರ ಫೆಬ್ರುವರಿ ಮತ್ತು ಡಿಸೆಂಬರ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.50ರಿಂದ ಶೇ 5.25ಕ್ಕೆ ತಗ್ಗಿಸಿತು. ಅದರ ಬೆನ್ನಲ್ಲೇ ಬ್ಯಾಂಕುಗಳೂ ಠೇವಣಿ ದರಗಳನ್ನು ಇಳಿಸಿದವು. ಲಾಭಾಂಶ ನೀಡುವ ಕಂಪೆನಿಗಳ ಷೇರು ಕೊಂಡು, ಅದರ ಆದಾಯದಲ್ಲೇ ಜೀವನ ಸಾಗಿಸಬಹುದೆಂಬ ಸಲಹೆಗೆ ಇಂಥ ಸಮಯದಲ್ಲಿ ಕೇಳುಗರು ಹೆಚ್ಚು. ಸಲಹೆಯಲ್ಲಿ ಹುರುಳಿದೆ. ಉತ್ತಮ ಕಂಪೆನಿಯ ಲಾಭ ಬೆಳೆದಂತೆ ಲಾಭಾಂಶವೂ ಬೆಳೆಯಬಹುದು. ಠೇವಣಿಯ ಬಡ್ಡಿಗೆ ಆ ಗುಣವಿಲ್ಲ. ಆದರೆ ಬಡ್ಡಿ ಕೊಡುವುದು ಬ್ಯಾಂಕಿನ ಹೊಣೆ, ಲಾಭಾಂಶ ಕೊಡುವುದು ಕಂಪೆನಿಯ ತೀರ್ಮಾನ. ಈ ವ್ಯತ್ಯಾಸ ಮರೆತರೆ ಮನೆಯ ಲೆಕ್ಕವೇ ಏರುಪೇರಾಗುತ್ತದೆ.

ನಿಶ್ಚಿತವಲ್ಲದ ಆದಾಯ

ಬೆಂಗಳೂರಿನ ಇನ್ಫೊಸಿಸ್ 2023-24ನೇ ಸಾಲಿಗೆ, 8 ರೂಪಾಯಿ ವಿಶೇಷ ಲಾಭಾಂಶವೂ ಸೇರಿದಂತೆ, ಪ್ರತಿ ಷೇರಿಗೆ 46 ರೂಪಾಯಿ ನೀಡಿತು. ಮರುವರ್ಷ ಅದು 43 ರೂಪಾಯಿ ಆಯಿತು. ಇದು ಅಲ್ಪ ಇಳಿಕೆ. ಗಣಿ ಮತ್ತು ಲೋಹೋದ್ಯಮದ ವೇದಾಂತ 2022-23ರಲ್ಲಿ ಪ್ರತಿ ಷೇರಿಗೆ 101.50 ರೂಪಾಯಿ ಕೊಟ್ಟು, ಮರುವರ್ಷ 29.50 ರೂಪಾಯಿಗೆ ಇಳಿಸಿತು. ಸಾವಿರ ಷೇರು ಹೊಂದಿದ್ದವರ ಕೈಗೆ ಒಂದು ಲಕ್ಷಕ್ಕೂ ಹೆಚ್ಚು ಬರುತ್ತಿದ್ದ ಹಣ ಒಂದೇ ವರ್ಷದಲ್ಲಿ 29,500 ರೂಪಾಯಿಗೆ ಕುಸಿಯಿತು.

ಬ್ಯಾಂಕ್ ಷೇರುಗಳೂ ಇದಕ್ಕೆ ಹೊರತಲ್ಲ. ಕೋವಿಡ್ ಹಿನ್ನೆಲೆಯಲ್ಲಿ 2020ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, 2019-20ರ ಲಾಭದಿಂದ ಲಾಭಾಂಶ ನೀಡಕೂಡದೆಂದು ಬ್ಯಾಂಕುಗಳಿಗೆ ಸೂಚಿಸಿತು. ಬ್ಯಾಂಕ್ ಷೇರುಗಳ ಲಾಭಾಂಶವನ್ನೇ ನಂಬಿದ್ದ ಕುಟುಂಬಗಳಿಗೆ ಆ ವರ್ಷದ ಆದಾಯ ಖೋತಾ ಆಯಿತು. ಆದರೆ ಅವೇ ಬ್ಯಾಂಕುಗಳ ಠೇವಣಿದಾರರಿಗೆ ಬಡ್ಡಿ ನಿಲ್ಲಲಿಲ್ಲ.

ಎಷ್ಟು ಬಂಡವಾಳ ಬೇಕು?

ತಿಂಗಳಿಗೆ 20 ಸಾವಿರ ರೂಪಾಯಿ, ಅಂದರೆ ವರ್ಷಕ್ಕೆ 2.4 ಲಕ್ಷ ರೂಪಾಯಿ ಬೇಕೆನ್ನಿ. ಷೇರಿನ ಬೆಲೆಯ ಶೇ 3ರಷ್ಟು ಲಾಭಾಂಶ ದೊರೆತರೆ 80 ಲಕ್ಷ ರೂಪಾಯಿ ಹೂಡಬೇಕು. ಶೇ 6ರ ಬಡ್ಡಿಯ ಠೇವಣಿಗೆ 40 ಲಕ್ಷ ಸಾಕು. ಈ ಅಂತರ ತುಂಬಲು ಶೇ 8 ಅಥವಾ ಶೇ 10ರಷ್ಟು ಲಾಭಾಂಶ ತೋರಿಸುವ ಷೇರುಗಳನ್ನು ಅರಸುವುದೇ ಅನೇಕರು ಎಡವುವ ಜಾಗ. ಷೇರಿನ ಬೆಲೆ ಕುಸಿದಾಗಲೂ ಈ ಪ್ರಮಾಣ ತಾನಾಗಿ ಹೆಚ್ಚಿ ಕಾಣುತ್ತದೆ. ಅದು ಕಂಪೆನಿಯ ಆರೋಗ್ಯಕ್ಕಿಂತ ಅನಾರೋಗ್ಯದ ಲಕ್ಷಣವಾಗಿರಬಹುದು.

ಲಾಭಾಂಶದ ದಿನಾಂಕ ನೋಡಿ ಷೇರು ಕೊಳ್ಳುವುದರಿಂದಲೂ ಲಾಭವಿಲ್ಲ. ಲಾಭಾಂಶದ ಹಕ್ಕು ಕಳೆಯುವ ದಿನ ಷೇರಿನ ಬೆಲೆ ಸಾಮಾನ್ಯವಾಗಿ ಅಷ್ಟೇ ಮೊತ್ತದಷ್ಟು ಇಳಿಯುತ್ತದೆ. ಒಂದು ಕೈಯಿಂದ ಪಡೆದದ್ದನ್ನು ಇನ್ನೊಂದು ಕೈಯಿಂದ ಕೊಟ್ಟಂತೆ.

ತೆರಿಗೆಯ ಹೊರೆ

2020ರ ಮಾರ್ಚ್‌ವರೆಗೆ ಕಂಪೆನಿಯೇ ಲಾಭಾಂಶ ವಿತರಣಾ ತೆರಿಗೆ ಕಟ್ಟುತ್ತಿತ್ತು. ಸಣ್ಣ ಹೂಡಿಕೆದಾರರ ಕೈಗೆ ಬಂದ ಹಣಕ್ಕೆ ತೆರಿಗೆ ಇರಲಿಲ್ಲ. ಆ ವರ್ಷದ ಏಪ್ರಿಲ್ 1ರಿಂದ ಲಾಭಾಂಶವು ಹೂಡಿಕೆದಾರರ ಆದಾಯಕ್ಕೆ ಸೇರಿ, ಅವರವರ ದರದಂತೆ ತೆರಿಗೆಗೆ ಒಳಪಡುತ್ತಿದೆ. ಒಂದು ಕಂಪೆನಿಯಿಂದ ವರ್ಷಕ್ಕೆ ಬರುವ ಲಾಭಾಂಶ ನಿಗದಿತ ಮಿತಿ ದಾಟಿದರೆ ಶೇ 10ರಷ್ಟನ್ನು ಮೂಲದಲ್ಲೇ ಕಡಿತ ಮಾಡಲಾಗುತ್ತದೆ. ಈ ಮಿತಿಯನ್ನು 2025ರ ಏಪ್ರಿಲ್‌ನಿಂದ 5 ಸಾವಿರ ರೂಪಾಯಿಯಿಂದ 10 ಸಾವಿರಕ್ಕೆ ಏರಿಸಲಾಯಿತು. ಏಳು ವರ್ಷ ಪಡೆಯದೇ ಉಳಿದ ಲಾಭಾಂಶ, ಅದರೊಡನೆ ಆ ಷೇರುಗಳೂ, ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತವೆ. ಅಜ್ಜನ ಕಾಲದ ಷೇರುಪತ್ರ ಪೆಟ್ಟಿಗೆಯಲ್ಲಿಟ್ಟ ಮನೆಗಳು ಇದನ್ನು ಗಮನಿಸಬೇಕು.

ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಷೇರಿನ ಬೆಲೆಗೆ ಅಂಥ ಆಸರೆಯಿಲ್ಲ. ಆದ್ದರಿಂದ ದಿನಸಿ, ಔಷಧ, ಬಾಡಿಗೆಯಂಥ ತಪ್ಪದ ಖರ್ಚುಗಳಿಗೆ ಠೇವಣಿ ಅಥವಾ ಮೂರು ತಿಂಗಳಿಗೊಮ್ಮೆ ಬಡ್ಡಿ ನೀಡುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಆದಾಯವೇ ತಳಹದಿಯಾಗಬೇಕು. ಹತ್ತಾರು ವರ್ಷ ಲಾಭದಿಂದಲೇ ಲಾಭಾಂಶ ಹಂಚಿದ, ಬೇರೆ ಬೇರೆ ಉದ್ಯಮಗಳ ಕಂಪೆನಿಗಳಲ್ಲಿ ಉಳಿದ ಹಣ ಹೂಡಬಹುದು. ಲಾಭಾಂಶ ಬಂದ ವರ್ಷ ಸಂತೋಷ. ಬಾರದ ವರ್ಷವೂ ಒಲೆ ಉರಿಯಬೇಕು.