ಪಂಚಿಂಗ್ ಬ್ಯಾಗಿಗೆ ನಡುಮನೆಯಲ್ಲೇ ಜಾಗ ಕೊಡಿ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಯಾವುದಕ್ಕೆ ಜಾಗವಿಲ್ಲ ಹೇಳಿ? ವರ್ಷಕ್ಕೊಮ್ಮೆ ಬರುವ ನೆಂಟರಿಗಾಗಿ ದಿವಾನವಿದೆ. ಯಾರೂ ಕುಡಿಯದ ಕಪ್ಪು-ಬಸಿಗಳಿಗಾಗಿ ಗಾಜಿನ ಷೋಕೇಸಿದೆ. ಕೆಟ್ಟುಹೋದ ಮಿಕ್ಸಿಗೂ ಅಟ್ಟದ ಮೇಲೆ ನೆಲೆಯಿದೆ. ಆದರೆ ಮಗಳು ಬಾಕ್ಸಿಂಗ್ ಕಲಿಯುತ್ತಿದ್ದಾಳೆ, ಮನೆಯಲ್ಲಿ ಅಭ್ಯಾಸಕ್ಕೆ ಒಂದು ಪಂಚಿಂಗ್ ಬ್ಯಾಗು, ಅದನ್ನು ತೂಗುಹಾಕಲು ಒಂದು ಸ್ಟ್ಯಾಂಡು ಬೇಕಂತೆ ಎಂದ ಕೂಡಲೇ ಇಡೀ ಮನೆ ಇಕ್ಕಟ್ಟಾಗಿಬಿಡುತ್ತದೆ. ಈ ಇಕ್ಕಟ್ಟು ಗೋಡೆಗಳದ್ದಲ್ಲ, ಮನಸ್ಸಿನದು ಎಂಬುದು ನನ್ನ ವಾದ.

ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಮಗಳು ಪಿಯುಸಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಬಾಕ್ಸಿಂಗ್ ತರಬೇತಿಗೆ ಹೋಗುತ್ತಾಳೆ. ತರಬೇತಿ ವಾರಕ್ಕೆ ಮೂರೇ ದಿನ. ಉಳಿದ ದಿನ ಮನೆಯಲ್ಲೇ ಕೈ ಪಳಗಿಸಬೇಕು. ಅವರದು ಬಾಡಿಗೆಯ ಮಹಡಿ ಮನೆ. ಸೂರಿಗೆ ತೂತು ಕೊರೆಯಬಾರದೆಂದು ಮಾಲೀಕರು ಹೇಳಿದರು; ಅದು ನ್ಯಾಯವೇ. ಹಾಗಾಗಿ ಸ್ಟ್ಯಾಂಡಿನ ಮಾತು ಬಂತು. ತಂಗಿಯ ಗಂಡ, "ಟೆರೇಸಿನ ಮೇಲೆ ಇಟ್ಟುಕೊಳ್ಳಲಿ ಬಿಡಿ ಅಕ್ಕಾ. ಹಾಲಿನಲ್ಲಿಟ್ಟರೆ ಬಂದವರು ಏನಂದುಕೊಂಡಾರು?" ಎಂದರು. ಫೋನಿನಲ್ಲಿ ಸ್ಟ್ಯಾಂಡಿನ ಚಿತ್ರ ನೋಡಿದ ಪಕ್ಕದ ಮನೆಯಾಕೆ, "ಇದೇನ್ರೀ, ನೇಣುಗಂಬದ ಹಾಗಿದೆ!" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರು.

ಟೆರೇಸಿನ ಮೇಲೆ! ಮಲೆನಾಡಿನ ಬಾಗಿಲಲ್ಲಿರುವ ಊರದು. ಮಳೆಗಾಲದಲ್ಲಿ ಅಲ್ಲಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬ್ಯಾಗಿಗೆ ಬೂಷ್ಟು ಬರುತ್ತದೆ. ಬೇಸಿಗೆಯ ಬಿಸಿಲಲ್ಲಿ ಅಲ್ಲಿ ಕಾಲಿಡಲಾಗದು. ಮುಸ್ಸಂಜೆಯ ಮೇಲೆ ಹೆಣ್ಣುಮಗಳೊಬ್ಬಳೇ ಅಲ್ಲಿಗೆ ಹೋಗಬಾರದೆಂದು ಅದೇ ಅಪ್ಪನೇ ಹೇಳುತ್ತಾರೆ. ಹಾಗಾದರೆ ಆ ಮಗು ಅಭ್ಯಾಸ ಮಾಡುವುದು ಯಾವಾಗ? ಆರು ತಿಂಗಳ ಮೇಲೆ ಆ ಸ್ಟ್ಯಾಂಡಿನ ಮೇಲೆ ಸೀರೆ ಒಣಗುತ್ತಿರುತ್ತದೆ. "ನೋಡಿದಿರಾ, ಹುಡುಗಿಯರ ಹುಮ್ಮಸ್ಸು ಇಷ್ಟೇ" ಎಂಬ ತೀರ್ಪೂ ಬರುತ್ತದೆ. ಬಳಸಲಾಗದ ಕಡೆ ಇಟ್ಟು, ಬಳಸಲಿಲ್ಲವೆಂದು ದೂರುವ ಈ ಜಾಣತನವನ್ನು ನಾನು ಒಪ್ಪುವುದಿಲ್ಲ.

ಇನ್ನು ಕೊಳ್ಳುವ ವಿಷಯ. ಹಿಟ್ಟಿನ ಗಿರಣಿಯಲ್ಲಿ ತೂಕ ನೋಡುವ ನಾವು ಇಲ್ಲೇಕೆ ಬಣ್ಣ ನೋಡಿ ಮರುಳಾಗಬೇಕು? ಬ್ಯಾಗಿನ ತೂಕ ಗುದ್ದುವವರ ತೂಕದ ಸುಮಾರು ಅರ್ಧದಷ್ಟಿರಬೇಕೆಂಬುದು ರೂಢಿಯ ಲೆಕ್ಕ. 50 ಕೆಜಿ ತೂಗುವ ಹುಡುಗಿಗೆ 25 ಕೆಜಿಯ ಬ್ಯಾಗು. ಅದಕ್ಕಿಂತ ತೀರ ಹಗುರಾದರೆ ಒಂದೇ ಏಟಿಗೆ ತೊಟ್ಟಿಲಿನಂತೆ ತೂಗಾಡುತ್ತದೆ. ಸ್ಟ್ಯಾಂಡು 25 ಕೆಜಿ ತಡೆದರೆ ಸಾಕೆಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಸುಮ್ಮನೆ ನೇತಾಡುವ ಭಾರವೇ ಬೇರೆ, ಏಟು ತಿಂದು ಜಗ್ಗುವ ಭಾರವೇ ಬೇರೆ. ಬ್ಯಾಗಿನ ತೂಕಕ್ಕಿಂತ ಸಾಕಷ್ಟು ಹೆಚ್ಚು ತಾಳುವ ದಪ್ಪ ಪೈಪಿನ ಸ್ಟ್ಯಾಂಡೇ ಬೇಕು. ಅಂಗಡಿಯಲ್ಲೇ ಹಿಡಿದು ಅಲ್ಲಾಡಿಸಿ ನೋಡಿ. ಬೆಸುಗೆ ಗಟ್ಟಿಯಿದೆಯೇ, ಬೋಲ್ಟು ಬಿಗಿಯಿದೆಯೇ ಪರೀಕ್ಷಿಸಿ. ಕಾಲುಗಳು ಅಗಲವಾಗಿ ಚಾಚಿರಬೇಕು, ಅವುಗಳ ಮೇಲೆ ಭಾರ ಹೇರಲು ಅನುಕೂಲವಿರಬೇಕು. ಹಳೆಯ ಅಕ್ಕಿ ಚೀಲಗಳಲ್ಲಿ ಮರಳು ತುಂಬಿ ಬಾಯಿ ಹೊಲಿದಿಟ್ಟರೂ ಆಯಿತು.

ತಾನೇ ನೆಲದ ಮೇಲೆ ನಿಲ್ಲುವ ಇನ್ನೊಂದು ಜಾತಿಯ ಬ್ಯಾಗೂ ಇದೆ. ಅದರ ಬುಡದ ಪ್ಲಾಸ್ಟಿಕ್ ಡಬ್ಬಿಗೆ ನೀರನ್ನೋ ಮರಳನ್ನೋ ತುಂಬಬೇಕು. ಅಷ್ಟೇ ಜಾಗದಲ್ಲಿ ಮರಳು ನೀರಿನ ಸುಮಾರು ಒಂದೂವರೆ ಪಟ್ಟು ತೂಗುತ್ತದೆ, ಸೋರುವ ಭಯವೂ ಇಲ್ಲ. ಆದರೆ ಜೋರಾಗಿ ಗುದ್ದಿದರೆ ಇದು ಹಿಂದೆ ಹಿಂದೆ ಸರಿಯುತ್ತದೆ. ಚಿಕ್ಕ ಮಕ್ಕಳಿಗೆ, ಹೊಸದಾಗಿ ಕಲಿಯುವವರಿಗೆ ಅಡ್ಡಿಯಿಲ್ಲ; ಪಳಗಿದ ಕೈಗೆ ಸಾಲದು.

ಬ್ಯಾಗಿನ ಸುತ್ತ ಕಾಲಾಡಿಸಲು ಮೂರು ಕಡೆಯಾದರೂ ಮೂರು ನಾಲ್ಕು ಅಡಿ ಬಿಡಬೇಕು. ಕೆಳಗಿನ ಮನೆಯವರ ನಿದ್ದೆಗಾಗಿ ದಪ್ಪ ರಬ್ಬರ್ ಹಾಸು ಹಾಸಬೇಕು. ಕೈಗೆ ಸುತ್ತುವ ಪಟ್ಟಿ ನಾಲ್ಕೂವರೆ ಮೀಟರು, ಅಂದರೆ ಸೀರೆಗಿಂತ ಒಂದು ಮೀಟರಷ್ಟೇ ಗಿಡ್ಡ. ಅದನ್ನು ಸುತ್ತದೆ, ಗ್ಲೌಸು ತೊಡದೆ ಗುದ್ದಿದರೆ ಮಣಿಕಟ್ಟು ಉಳುಕುತ್ತದೆ. ಗುದ್ದುವ ರೀತಿಯನ್ನು ಮೊದಲು ಗುರುವಿನಿಂದಲೇ ಕಲಿಯಬೇಕು. ಬ್ಯಾಗು ತಪ್ಪನ್ನು ತಿದ್ದುವುದಿಲ್ಲ. ಸ್ವಂತ ಮನೆ ಕಟ್ಟಿಸುವವರಿಗೆ ಒಂದು ಮಾತು: ಉಯ್ಯಾಲೆಗೆಂದು ಆರ್‌ಸಿಸಿ ಹಾಕುವಾಗಲೇ ಕೊಕ್ಕೆ ಬಿಡಿಸುತ್ತೀರಲ್ಲ, ಇಂಜಿನಿಯರನ್ನು ಕೇಳಿ ಬ್ಯಾಗಿಗೂ ಒಂದು ಬಿಡಿಸಿ. ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ತಾಯಂದಿರು ತಲೆದೂಗುತ್ತಾರೆ: "ಹೌದು ಟೀಚರ್, ಕಾಲ ಕೆಟ್ಟಿದೆ, ಹುಡುಗಿಯರಿಗೆ ಆತ್ಮರಕ್ಷಣೆಗೆ ಬೇಕು." ಈ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಮಗನಿಗೆ ಕ್ರಿಕೆಟ್ ಬ್ಯಾಟು ಕೊಡಿಸುವಾಗ ಯಾರಿಂದ ರಕ್ಷಣೆಗೆಂದು ಕೇಳಿದಿರಾ? ಅವನಿಗೆ ಆಟ ಇಷ್ಟ, ಅಷ್ಟು ಸಾಕು. ಮಗಳ ಇಷ್ಟಕ್ಕೆ ಮಾತ್ರ ಭಯದ ಸರ್ಟಿಫಿಕೇಟು ಬೇಕೇ? ಬೀದಿಯ ಪುಂಡರನ್ನು ಹದ್ದುಬಸ್ತಿನಲ್ಲಿಡುವುದು ಸಮಾಜದ ಕೆಲಸ. ಅದನ್ನು ಹದಿನೇಳರ ಹುಡುಗಿಯ ಮುಷ್ಟಿಗೆ ವಹಿಸಿ ಕೈತೊಳೆದುಕೊಳ್ಳಬೇಡಿ. ಅವಳು ಗುದ್ದುವುದು ಅವಳಿಗೆ ಅದು ಚೆನ್ನಾಗಿ ಬರುತ್ತದೆಂದು, ಅದರಿಂದ ಅವಳ ಮುಖ ಅರಳುತ್ತದೆಂದು.

ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಕ್ಸಿಂಗ್ ಶುರುವಾದದ್ದು 1904ರಲ್ಲಿ. ಹೆಂಗಸರಿಗೆ ಪದಕದ ಸ್ಪರ್ಧೆ ಸಿಕ್ಕಿದ್ದು 2012ರಲ್ಲಿ, ಲಂಡನ್ನಿನಲ್ಲಿ. ನಡುವೆ ಸರಿಯಾಗಿ ನೂರೆಂಟು ವರ್ಷ! ನೂರೆಂಟು ನೆಪ ಎನ್ನುತ್ತೇವಲ್ಲ, ವರ್ಷಕ್ಕೊಂದರಂತೆ ಹೇಳಿರಬೇಕು. ಆ ಮೊದಲ ಸಲವೇ ಮಣಿಪುರದ ಮೇರಿ ಕೋಮ್ ಕಂಚು ತಂದರು. ಆಗ ಅವರು ಅವಳಿ ಮಕ್ಕಳ ತಾಯಿ. 2021ರಲ್ಲಿ ಟೋಕಿಯೊದಿಂದ ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್ ಕಂಚು ತಂದರು. 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದ ನಿಖತ್ ಜರೀನ್ ನಿಜಾಮಾಬಾದಿನವರು; ಅದೂ ನಮ್ಮ ನಿಮ್ಮ ಊರುಗಳಂಥದೇ ಒಂದು ಊರು.

ನಿಮ್ಮ ಮಗಳು ಪದಕ ತರಲೇಬೇಕಿಲ್ಲ. ಪದಕ ಬಂದರೆ ಇಡಲು ಷೋಕೇಸು ಸಿದ್ಧವಿರುವ ಮನೆಯಲ್ಲಿ, ಬೆವರು ಸುರಿಸಲು ಎಂಟಡಿ ಜಾಗ ಇಲ್ಲವೆನ್ನಬೇಡಿ. ದಿವಾನವನ್ನು ಗೋಡೆಗೆ ಸರಿಸಿ. ಬಂದವರು ಏನಾದರೂ ಅಂದುಕೊಳ್ಳಲಿ; ಕಾಫಿ ಕುಡಿದು ಹೋಗುತ್ತಾರೆ. ಮನೆಯಲ್ಲಿರುವವಳು ನಿಮ್ಮ ಮಗಳು.